ಆಚೆ ದಂಡೆಯ ನೀಲತ್ತಿ

ಕಬ್ಬಿನ ಹಾಲು ಕುದಿಯುವ ವಾಸನೆ ಎಲ್ಲಿಂದ ಬಂದರೂ ನನಗೆ ತುಂಬಿದ ಹೊಳೆಯ ನೆನಪಾಗುತ್ತದೆ. ನಗಬೇಡಿ. ಮೊನ್ನೆ ಉದಗೀರದಿಂದ ನಿಲಂಗಾಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ವಲಾಂಡಿ ದಾಟಿದ ಮೇಲೆ ಹೊಲದ ಬದಿಗೆ ಯಾರೋ ಬೆಲ್ಲ ಕಾಸುತ್ತಿದ್ದರು. ಆ ಸಿಹಿ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿದ್ದೇ ತಡ, ಕಣ್ಣು ತುಂಬಿ ಬಂದವು. ಪಕ್ಕದಲ್ಲಿದ್ದ ಹುಡುಗಿ "ಕಾಯ್ ಝಾಲಂ ಮಾವಶಿ?" ಎಂದು ಮರಾಠಿಯಲ್ಲಿ ಕೇಳಿದಳು. ಏನಾಯಿತೆಂದು ಎಲ್ಲಿಂದ ಶುರು ಮಾಡಲಿ? ಕಣ್ಣಿಗೆ ಹೊಗೆ ಹೋಯಿತು ಅಂದೆ.

ನಮ್ಮೂರು ಮಾಂಜರಾ ಹೊಳೆಯ ದಂಡೆಯ ಮೇಲಿತ್ತು. ಅರ್ಧ ಹಳ್ಳಿ, ಅರ್ಧ ಪೇಟೆ. ಸಮುದ್ರ ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಆದರೆ ಶ್ರಾವಣದಲ್ಲಿ ಹೊಳೆ ತುಂಬಿದಾಗ ಮುದುಕರೆಲ್ಲ ಘಾಟಿನ ಮೆಟ್ಟಿಲ ಮೇಲೆ ನಿಂತು, "ಸಮುದ್ರ ಅಂದ್ರ ಇನ್ನೇನ್ ಇರ್ತದ್ರೀ, ಇದೇ ನೋಡ್ರಿ" ಎಂದು ತೀರ್ಮಾನ ಕೊಡುತ್ತಿದ್ದರು. ಆ ಮೆಟ್ಟಿಲು ಕಟ್ಟಿಸಿದ್ದು ನಿಜಾಮನ ಕಾಲದಲ್ಲಂತೆ. ಆಗ ಇಲ್ಲಿ ಸುಂಕದ ನಾಕಾ ಇತ್ತು. ಉಮರ್ಗಾ ಕಡೆಯ ಜೋಳದ ಬಂಡಿಗಳು ಸಾಲುಹಿಡಿದು ನಿಲ್ಲುತ್ತಿದ್ದವು. ನನ್ನ ಕಾಲಕ್ಕೆ ನಾಕಾದ ಒಂದು ಗೋಡೆ ಮಾತ್ರ ಉಳಿದು, ಅದರ ನೆರಳಿನಲ್ಲಿ ಆಡುಗಳು ಮಲಗುತ್ತಿದ್ದವು. ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ ಒಂದು ಬದಿಗೆ ಸರಿದರೆ ಮರಳಿನ ಮೇಲೆ ಕಲ್ಲಂಗಡಿ ಬಳ್ಳಿ ಹಬ್ಬುತ್ತಿತ್ತು. ಬೀರಪ್ಪನ ಒಕ್ಕಲಿನವರು ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ನೀರಿಗಿಳಿಸಿ ಉಜ್ಜಿ ತೊಳೆಯುತ್ತಿದ್ದರು. ಸಂಜೆಗೆ ಒದ್ದೆ ಉಣ್ಣೆಯ ವಾಸನೆ, ಜಾಲಿ ಹೂವಿನ ವಾಸನೆ, ಟಿಟ್ಟಿಭ ಹಕ್ಕಿಗಳ ಕೂಗು. ಅಯ್ಯೋ, ಯಾರಿಗೆ ಹೇಳಿದರೆ ಏನು, ಈಗ ಅಲ್ಲಿ ಮರಳೇ ಇಲ್ಲ. ಲಾರಿಗಳು ತಳ ಬಳಿದುಕೊಂಡು ಹೋಗಿವೆ.

ನಮ್ಮ ಮನೆಯಲ್ಲಿ ಬೆಲ್ಲ ಕಾಸುವ ದೊಡ್ಡ ಕೊಪ್ಪರಿಗೆ ಇತ್ತು. ಕಬ್ಬಿಣದ ತಗಡು ಜೋಡಿಸಿ ಮಾಡಿದ ಅಗಲವಾದ ಬಾನಿ, ನಾವು ಮಕ್ಕಳೆಲ್ಲ ಒಳಗೆ ಮಲಗಿದರೂ ಜಾಗ ಉಳಿಯುತ್ತಿತ್ತು. ಚಳಿಗಾಲದಲ್ಲಿ ಅದು ಒಲೆಯ ಮೇಲೆ. ಮಳೆಗಾಲದಲ್ಲಿ ಅದೇ ನಮ್ಮ ದೋಣಿ. ಹೊಳೆ ತುಂಬಿದಾಗ ಜನರನ್ನು ಒಳಗೆ ಕೂರಿಸಿ, ಈಜು ಬಲ್ಲವರು ಆಚೆ ಈಚೆ ಅಂಚು ಹಿಡಿದು ತಳ್ಳಿಕೊಂಡು ಹೋಗುತ್ತಿದ್ದರು. ಪ್ರತಿ ವರ್ಷ ಬೆಲ್ಲದ ಕೆಲಸ ಹೂಡುವ ಮೊದಲು ಕಮ್ಮಾರ ಬಂದು ಅದರ ಮೊಳೆಗಳನ್ನೆಲ್ಲ ಬಡಿದು ಬಿಗಿ ಮಾಡುತ್ತಿದ್ದ. ಆ ವರ್ಷ ನಮ್ಮ ಕಬ್ಬು ಮೊದಲ ಬಾರಿಗೆ ಸಕ್ಕರೆ ಕಾರ್ಖಾನೆಗೆ ಹೋಯಿತು. ಬೆಲ್ಲ ಇಲ್ಲ ಅಂದಮೇಲೆ ಕಮ್ಮಾರನನ್ನು ಯಾಕೆ ಕರೆಯಬೇಕು? ಕೊಪ್ಪರಿಗೆ ಬೇವಿನ ಮರದ ಕೆಳಗೆ ಬೋರಲು ಬಿತ್ತು, ಅದರಡಿ ಕೋಳಿಗಳು ಮೊಟ್ಟೆಯಿಟ್ಟವು. ಮಳೆಗಾಲದಲ್ಲಿ ಅದರೊಳಗೆ ಕೂರಬೇಕಾದವರು ನಾವೇ ಎಂಬುದು ಯಾರ ತಲೆಗೂ ಬರಲಿಲ್ಲ.

ನನ್ನ ಅಪ್ಪನ ತಂಗಿ ನೀಲತ್ತಿಯನ್ನು ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು, ಅದು ತಪ್ಪುವಂತಿಲ್ಲ. ಆ ಸಲವಂತೂ ಅವಳು ಚೊಚ್ಚಲ ಬಸುರಿ. ಇತ್ತ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಹಾಸಿಗೆ ಹಿಡಿದಿದ್ದಳು. ಎದೆಯಲ್ಲಿ ಕಫ ಕಟ್ಟಿ ಉಸಿರೆಳೆಯುತ್ತಿದ್ದವಳಿಗೆ ಬೇಕಾದದ್ದು ಒಂದೇ. ಮಗಳನ್ನು ಒಮ್ಮೆ ಮುಟ್ಟಿ ನೋಡಬೇಕು. ಬಾಗಿಲು ಕಿರ್ ಅಂದರೆ ಸಾಕು, "ನೀಲಿ ಬಂದ್ಳೇನ?" ಎನ್ನುತ್ತಿದ್ದಳು.

ಕಾಕಾ, ನನ್ನ ಅಪ್ಪನ ತಮ್ಮ, ಇನ್ನೊಬ್ಬ ಈಜುಗಾರನ ಜೊತೆ ಕೊಪ್ಪರಿಗೆಯನ್ನು ನೀರಿಗಿಳಿಸಿದ. ಆಚೆ ದಂಡೆಯಲ್ಲಿ ನೀಲತ್ತಿ ಗಿಣಿಹಸಿರು ಸೀರೆ ಉಟ್ಟು, ಗಂಟು ಹಿಡಿದು ನಿಂತಿದ್ದಳು. ನಡುಹೊಳೆಗೆ ಹೋಗುವಷ್ಟರಲ್ಲಿ ಬಾನಿ ಒಂದು ಮಗ್ಗುಲಿಗೆ ವಾಲಿತು. ಮೊಳೆಗಳೆಲ್ಲ ಸಡಿಲಾಗಿ ತಳದಿಂದ ನೀರು ಬರುತ್ತಿತ್ತು. ನೋಡನೋಡುತ್ತಿದ್ದಂತೆ ಮುಳುಗಿತು. ಇಬ್ಬರೂ ಜೀವ ಕೈಯಲ್ಲಿ ಹಿಡಿದು ಈಜಿ, ಬಹಳ ಕೆಳಗೆ ನಮ್ಮ ದಂಡೆಗೇ ಹತ್ತಿದರು. "ಆಕಿ ಒಳಗ ಕೂತಿದ್ದರ?" ಎಂದು ಕಾಕಾ ಅಳುತ್ತಲೇ ಇದ್ದ. ಮರುದಿನ ಹೊಳೆ ಇನ್ನೂ ಏರಿತು. ದೂರ ಸುತ್ತಿ ಹೋಗುವ ರಸ್ತೆಯ ತಗ್ಗಿನ ಸೇತುವೆಯೂ ಮುಳುಗಿ, ಆಚೆಯವರು ಆಚೆ, ಈಚೆಯವರು ಈಚೆ ಆದೆವು.

"ಆಕಿ ಬರಲಿಕ್ಕಿ ಆಗಲ್ದಂದ್ರ ನನಗ ಒಯ್ರಿ ದಂಡಿಗಿ," ಎಂದು ಆಯಿ ಹಟ ಹಿಡಿದಳು. ಹಟಕ್ಕೆ ಬಿದ್ದರೆ ಆಯಿಯ ಮುಂದೆ ಯಾರ ಆಟ ನಡೆದೀತು? ಅಪ್ಪ, ಕಾಕಾ ಅವಳು ಮಲಗಿದ್ದ ಹೊರಸಿನ ಸಮೇತ ಎತ್ತಿಕೊಂಡು ಹೋಗಿ ಘಾಟಿನ ಮೇಲೆ ಇಳಿಸಿದರು. ತುಂತುರು ಮಳೆ. ನನ್ನ ಅವ್ವ, ಅಂದರೆ ನೀಲತ್ತಿಯ ವೈನಿ, ಆಯಿಗೆ ಕೆಂಪು ಹಳದಿ ತುಂಡುಗಳ ಕೌದಿ ಹೊದಿಸಿದಳು. ಆಚೆ ದಂಡೆಯಲ್ಲಿ ಹಸಿರು ಚುಕ್ಕೆ ಕಂಡಿತು. ಮುಖ ಕಾಣುವಂತಿರಲಿಲ್ಲ, ನೀರಿನ ಸದ್ದಿಗೆ ಕೂಗೂ ಮುಟ್ಟುತ್ತಿರಲಿಲ್ಲ. ಆಯಿ ಮಲಗಿದಲ್ಲೇ ಮುಖ ಆ ಕಡೆ ಮಾಡಿ, "ಏ ಹುಚ್ಚಿ, ಬಸರಾದಾಕಿ ಮಳ್ಯಾಗ ಯಾಕ ನಿಂತೀದಿ, ಹೋಗ ಮನಿಗಿ" ಎಂದು ಬಯ್ಯುತ್ತಿದ್ದಳು. ಬಯ್ಯುತ್ತ ಬಯ್ಯುತ್ತ ಅಳುತ್ತಿದ್ದಳು. ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಗಿನ ಜಾವ ಆಯಿ ಹೋಗಿಬಿಟ್ಟಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಆಯಿಯನ್ನು ಊರ ಹಿಂದಿನ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬರುವಷ್ಟರಲ್ಲಿ ದಿನಾ ದಂಡೆಗೆ ಹೋಗುವ ಹೊತ್ತಾಗಿತ್ತು. ಹೊರಸು ಕಾಣದಿದ್ದರೆ ನೀಲತ್ತಿಗೆ ತಿಳಿಯುತ್ತದೆ. ಒಬ್ಬಂಟಿ, ತುಂಬಿದ ಬಸುರಿ, ಕಾಲ ಬುಡದಲ್ಲಿ ಹೊಳೆ. ಏನು ಮಾಡಿಕೊಂಡಾಳೋ! ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅವ್ವ ಯಾರನ್ನೂ ಕೇಳಲಿಲ್ಲ. ಆಯಿಯ ಕೌದಿಯನ್ನು ತಲೆಯಿಂದ ಹೊದ್ದುಕೊಂಡು, "ಹೊರಸ ಎತ್ರಿ" ಅಂದಳು.

ಘಾಟಿನ ಮೇಲೆ ಅವ್ವ ಹೊರಸಿನಲ್ಲಿ ಕೂತಳು. ಆಚೆ ಹಸಿರು ಸೀರೆ ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ನೆಲಕ್ಕೆ ಬಾಗಿ, ಹಣೆ ಹಚ್ಚಿ ನಮಸ್ಕಾರ ಮಾಡಿ, ಎದ್ದು ಹೋಯಿತು. "ನಂಬ್ಯಾಳ, ಶಿವನೇ," ಎಂದು ಅವ್ವ ಉಸಿರುಬಿಟ್ಟಳು. ಮುಂದೆ ಹೊಳೆ ಇಳಿಯುವವರೆಗೂ ದಿನಾ ಅವ್ವ ಇಲ್ಲಿ ಕೂತಳು, ಅತ್ತಿ ಅಲ್ಲಿ ನಿಂತಳು.

ನೀರು ಇಳಿದ ಮೇಲೆ ಅಪ್ಪ ಬಂಡಿ ಹೂಡಿಕೊಂಡು ಹೋಗಿ ಅತ್ತಿಯನ್ನು ಬಾಣಂತನಕ್ಕೆ ಕರೆತಂದ. ದಾರಿಯಲ್ಲಿ ಹೇಳಲು ಅವನಿಗೆ ಬಾಯಿ ಬರಲಿಲ್ಲವಂತೆ. ಅತ್ತಿ ಹೊಸ್ತಿಲು ದಾಟಿದವಳೇ ಆಯಿಯ ಕೋಣೆ ಕಡೆ ನೋಡಲೂ ಇಲ್ಲ. ನೇರ ಅಡುಗೆಮನೆಗೆ ಬಂದು ಅವ್ವನ ಎರಡೂ ಕೈ ಹಿಡಿದಳು.

"ಮಲಗಿದಾಕಿ ಒಮ್ಮೆಲೆ ಎದ್ದು ಕೂತಳಂದ್ರ ನನಗ ತಿಳೀಲ್ದೇನ ವೈನಿ? ನಮ್ಮವರಾಗ ಯಾವಾಗ ಕೂಡಸ್ತಾರ? ನಮ್ಮವ್ವಗ ಮಣ್ಣಿಗಿ ಒಯ್ಯೋ ಮೊದಲ ನನಗ ತೋರಸ್ಲಿಕ್ಕಿ ತಂದೀರಿ ಅಂತ ತಿಳದು ಅಲ್ಲೇ ಶರಣು ಮಾಡಿದೆ. ಮರುದಿನ ನೋಡ್ತೀನಿ, ಮತ್ತ ಕೂತಾಳ! ಆವಾಗ ಗೊತ್ತಾತು, ನೀ ಅಂತ."

ಅವ್ವ ಕೇಳಿದಳು, "ಗೊತ್ತಿದ್ದೂ ದಿನಾ ಯಾಕ ಬಂದಿ ನೀಲಾ?"

"ನೀ ನನ್ನ ಸಲುವಾಗಿ ಮಳ್ಯಾಗ ಕೂತಿದ್ದಿ. ನಾ ಹೆಂಗ ಬರದ ಇರ್ಲಿ?"

ಆಗ ಇಬ್ಬರೂ ಅತ್ತ ಅಳು ಇದೆಯಲ್ಲ, ಒಲೆಯ ಮೇಲಿನ ಅನ್ನ ಸೀದು ವಾಸನೆ ಬಂದರೂ ಯಾರೂ ಏಳಲಿಲ್ಲ.

ಈಗ ಎತ್ತರದ ಸೇತುವೆಯಾಗಿದೆ. ಹೊಳೆಯ ಮೇಲ್ಭಾಗದಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಶ್ರಾವಣದಲ್ಲೂ ಹೊಳೆ ಮೊಣಕಾಲುದ್ದ ಬಂದರೆ ಹೆಚ್ಚು. ಅವ್ವ ತೀರಿಕೊಂಡ ದಿನ ನೀಲತ್ತಿ ಆ ಸೇತುವೆಯ ಮೇಲೆಯೇ ಆಟೋದಲ್ಲಿ ಬಂದಳು. ತಾನೂ ಹಣ್ಣಾಗಿದ್ದಳು. ಅವ್ವನಿಗೆ ಮೈ ತೊಳೆಸಿ, ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದವಳು ಅವಳೇ. ಬಳಿದಾದ ಮೇಲೆ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು ಬಹಳ ಹೊತ್ತು ನೋಡಿದಳು.

"ಇವತ್ತರೆ ಸಮೀಪ ಕೂತೀದಿ ವೈನಿ," ಅಂದಳು.