ಹಲಗೆಯ ಮೂಲೆ

ಸತ್ತವರ ದನಿ ತೆಗೆಯಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಉಪಯೋಗವಿರಲಿಲ್ಲ, ಹೇಳಿದವರ ದನಿಯನ್ನೇ ತೆಗೆದು ತೋರಿಸುತ್ತಿದ್ದೆ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಪ್ಪನ ತಮ್ಮ, ನನ್ನ ಕಾಕಾ, ತೀರಿಕೊಂಡ ಏಳು ತಿಂಗಳಿಗೆ, ಹಾಡಹಗಲು ಮೂರು ಗಂಟೆಗೆ, ಪ್ಲೈವುಡ್ ಹಲಗೆಯ ಹಿಂದೆ ನಿಂತು ನಾನು ಕಾಕಾ ಆಗಿ ಮಾತಾಡಿದೆ. ಕೇಳಿಸಿಕೊಂಡವರು ಅವರ ಹೆಂಡತಿ, ನನ್ನ ಕಾಕು.

ಅನುಕರಣೆ ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ. ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಬಹುಮಾನ ಪಡೆದೆ, ಮರುದಿನ ಅದೇ ದನಿಯಲ್ಲಿ ಬೈಸಿಕೊಂಡೆ. ಕನ್ನಡಿಯ ಮುಂದೆ ನನ್ನ ದನಿ ತೆಗೆಯಲೂ ನೋಡಿದ್ದೇನೆ. ಅದೊಂದು ಮಾತ್ರ ಸರಿಯಾಗಿ ಬರುವುದಿಲ್ಲ. ಕಾಕಾನದು ಸುಲಭ. ತುಂಬಿದ ಕೊಡವನ್ನು ಬಾವಿಯಿಂದ ಎಳೆದಂತೆ, ನಿಧಾನ, ಭಾರ.

ಕಾಕಾ ಹಗಲಿಗೆ ಗುಮಾಸ್ತರು, ನಸುಕಿಗೆ ಹಾಡುಗಾರರು. ಧಾರವಾಡದ ಬಾಡಿಗೆ ಮನೆಯಲ್ಲಿ ದಿನಾ ತಂಬೂರಿ ಹಿಡಿದು ಕೆಳಗಿನ ಷಡ್ಜಕ್ಕೆ ಇಳಿದರೆ ಅಲ್ಲೇ ಕೂತುಬಿಡುವರು. ಆ ರಿಯಾಜನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಸಂಜೆ ತಮ್ಮ ತಪ್ಪು ತಾವೇ ಕೇಳುವರು. ಅದಕ್ಕೆಂದೇ ದುರ್ಗದಬೈಲಿನ ಹತ್ತಿರದ ಒಬ್ಬ ಬಡಗಿ ಮಿಸ್ತ್ರಿಯಿಂದ ಕಪಾಟಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ ಮಾಡಿಸಿದ್ದರು. ಒಳಗೆ ದನಿ ಸುತ್ತಿಕೊಂಡು ಬರಲು ಕಹಳೆಯಂಥ ದಾರಿ. ಆ ಕಹಳೆಯ ಬಾಯಿ ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ. ಮೂಲೆಯ ಎರಡು ಗೋಡೆಗಳೇ ಬಾಯಿ. ಮೂಲೆಗೆ ಒತ್ತಿ ಇಟ್ಟರಷ್ಟೇ ತಗ್ಗಿನ ದನಿ ಬರುತ್ತಿತ್ತು.

ಕಾಕಾ ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಹೋದರು. ಥಂಡಿ ಅಂದರೆಂದು ಕಾಕು ಸ್ವೆಟರ್ ತರಲು ಮನೆಗೆ ಹೋಗಿದ್ದರು, ಮರಳುವಷ್ಟರಲ್ಲಿ ಮುಗಿದಿತ್ತು. ಕೊನೆಗೆ ಏನೋ ಅಂದರಂತೆ, ಹತ್ತಿರವಿದ್ದ ನರ್ಸಿಗೆ ಅದು ತಿಳಿಯಲಿಲ್ಲ. ಆಮೇಲೆ ಕಾಕು ನವನಗರದಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಪೆಟ್ಟಿಗೆಯೂ ಬಂತು. ಕ್ಯಾಸೆಟ್ ಹಾಕಿದರೆ ಕಾಕಾ ತಗಡಿನ ಡಬ್ಬಿಯೊಳಗೆ ಕೂತು ಹಾಡಿದಂತೆ ಕೇಳಿತು.

“ದನಿ ಅವರದ ಅದ,” ಎಂದರು ಕಾಕು. “ಎದಿ ಇಲ್ಲ. ಒಂದ್ ಸಲ ಎದಿಯಿಂದ ಬಂದದ್ದು ಕೇಳಿದ್ರ ಸಾಕಾಗಿತ್ತು ನನಗ.”

ಹೊಸ ಮನೆಯ ಹಾಲಿನಲ್ಲಿ ಮೂಲೆ ಎಂಬುದೇ ಇರಲಿಲ್ಲ. ಇರಬೇಕಾದ ಜಾಗದಲ್ಲೆಲ್ಲ ಕಿಟಕಿ, ಇಲ್ಲವೇ ಬಾಗಿಲು. ಪೆಟ್ಟಿಗೆ ಮಾಡಿದ ಮಿಸ್ತ್ರಿ ಚಾಚಾನನ್ನೇ ಕರೆತಂದೆ. ಅವರು ಸುತ್ತ ನೋಡಿ ನಕ್ಕರು.

“ಪೆಟಗಿ ಅರ್ಧಾ, ಮೂಲಿ ಅರ್ಧಾರೀ ಬಾಯಾರ. ನೀವು ಅರ್ಧಾ ಅಲ್ಲೇ ಬಿಟ್ಟು ಬಂದೀರಿ.”

“ಹಂಗಾರ ಇಲ್ಲೊಂದು ಮೂಲಿ ಮಾಡ್ರಿ ಚಾಚಾ,” ಎಂದೆ, ಅವರದೇ ದನಿಯಲ್ಲಿ.

“ಮಾಡ್ತೇನಿ. ಮೊದಲ ನನ್ನ ಬಾಯಿ ನನಗ ವಾಪಸ್ ಕೊಡು.”

ಎರಡೆರಡು ಪ್ಲೈವುಡ್ ಒಂದಕ್ಕೊಂದು ಅಂಟಿಸಿ, ನಡುಗದಂತೆ ಹಿಂದೆ ಪಟ್ಟಿ ಹೊಡೆದು, ಚಾಚಾ ಆಳೆತ್ತರದ ಎರಡು ಹಲಗೆ ಮಾಡಿದರು. ಒಳಕೋಣೆಯ ಬಾಗಿಲಿದ್ದ ಮೂಲೆಗೆ ಸ್ವಲ್ಪ ಮುಂದೆ ಅವನ್ನು ಲಂಬಕೋನದಲ್ಲಿ ಜೋಡಿಸಿ ನಿಲ್ಲಿಸಿದರು. ಸುಳ್ಳು ಮೂಲೆಗೂ ಖರೇ ಮೂಲೆಗೂ ನಡುವೆ ಒಬ್ಬ ನಿಲ್ಲುವಷ್ಟು ಸಂದಿ ಉಳಿಯಿತು. ಪೆಟ್ಟಿಗೆಯನ್ನು ಸುಳ್ಳು ಮೂಲೆಗೆ ಒತ್ತಿ ಕ್ಯಾಸೆಟ್ ಹಾಕಿದರೆ, ಡಬ್ಬಿಯಲ್ಲಿದ್ದ ಕಾಕಾ ಬಕೆಟ್ಟಿಗೆ ಬಂದರು, ಅಷ್ಟೇ.

ಚಾಚಾ ಪೆಟ್ಟಿಗೆಗೂ ಹಲಗೆಗೂ ನಡುವೆ ಬೆರಳು ತೂರಿಸಿದರು. “ಇಲ್ಲಿ ಸೋರಾಕತ್ತೈತಿ. ನಾಳಿ ಕಂಬಳಿ ಪಟ್ಟಿ ತಂದು ಬಡೀತೇನಿ.”

ಇವತ್ತೇ ಕೇಳಿಸುತ್ತೇನೆ ಎಂದು ಕಾಕುಗೆ ಮಾತು ಕೊಟ್ಟಿದ್ದವನು ನಾನು. ಅವರ ಮುಖ ನೋಡಲಾಗಲಿಲ್ಲ. ಚಾಚಾನನ್ನು ಬಸ್ಸಿಗೆ ಬಿಟ್ಟು ಬರುತ್ತೇನೆಂದು ಹೇಳಿ ಹೊರಬಿದ್ದೆ, ಹಿತ್ತಲಿನಿಂದ ಒಳಕೋಣೆಗೆ ಬಂದು ಆ ಸಂದಿಗೆ ಸೇರಿದೆ. ಕಾಕು ಮತ್ತೆ ಕ್ಯಾಸೆಟ್ ಹಾಕಿದ ಸಪ್ಪಳವಾಯಿತು. ಕಾಕಾ ಕೆಳಗಿನ ಷಡ್ಜಕ್ಕೆ ಇಳಿದಾಗ ನಾನೂ ಇಳಿದೆ. ಕೊರತೆಬಿದ್ದ ಎದೆಯನ್ನು ನನ್ನ ಎದೆಯಿಂದ ತುಂಬಿದೆ. ಜಾಣತನ ಅಂದುಕೊಂಡಿದ್ದೆ.

ಕ್ಯಾಸೆಟ್ ಮುಗಿಯಿತು. ಚಪ್ಪಲಿಯಿಲ್ಲದ ಕಾಲಿನ ಸಪ್ಪಳ ಹತ್ತಿರ ಬಂತು. ಹಲಗೆಯ ಆಚೆ, ನನ್ನ ಮುಖಕ್ಕೆ ಸರಿಯಾಗಿ, ಒಂದು ಅಂಗೈ ಕೂತಿತು.

“ಸ್ವೆಟರ್ ತರಲಿಕ್ಕೆ ಹೋಗಿದ್ದೆ ರೀ,” ಎಂದರು ಕಾಕು, ಹಲಗೆಗೆ. “ಹೋಗಬಾರದಿತ್ತು.”

ಬಾಯಿ ತೆರೆಯಿತು. ತೆರೆದವನು ನಾನೇ ಹೌದೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ.

“ಇರ್ಲಿ ಬಿಡು,” ಎಂದಿತು ಕಾಕಾನ ದನಿ. ನನ್ನ ಗಂಟಲು ಎಂದೂ ಇಳಿಯದಷ್ಟು ಕೆಳಗೆ. ಹಣೆಗೆ ತಾಗಿದ್ದ ಹಲಗೆ ಗುಂಯ್ ಎಂದಿತು. ಅಂಗೈ ಇನ್ನಷ್ಟು ಹೊತ್ತು ಅಲ್ಲೇ ಇದ್ದು, ಆಮೇಲೆ ಹೋಯಿತು.

ನಾಳೆ ಎಂದ ಚಾಚಾ, ಎಲ್ಲ ಮಿಸ್ತ್ರಿಗಳಂತೆ, ಎಂಟನೇ ದಿನ ಬಂದರು. ಆ ಎಂಟು ದಿನ ನನಗೆ ಯಾರ ದನಿಯೂ ಬರಲಿಲ್ಲ. ಯಾರನ್ನು ಅಣಕಿಸಲು ಹೋದರೂ ಕಾಕಾನೇ ಬರುತ್ತಿದ್ದರು. ಒಂದು ಮಧ್ಯಾಹ್ನ ಇನ್ನೊಂದು ಚಪಾತಿ ಕೇಳಿದೆ. ಅವ್ವ ಲಟ್ಟಣಿಗೆ ಬಿಟ್ಟು ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ. ಹೊರಗೆ ಬಿಸಿಲು ಮಾತ್ರ ಇತ್ತು.

ಕಂಬಳಿ ಪಟ್ಟಿ ಬಿಗಿದ ಮೇಲೆ ಖರೇ ದನಿ ಬಂತು. ನೆಲದ ಫರಸಿಯೊಳಗಿಂದ ಎದ್ದು ಕಾಲಿಗೆ ತಾಗಿತು. ಅದರ ಮುಂದೆ ನನ್ನದು ನೊಣದ ಗುಂಯ್‌ಗುಟ್ಟುವಿಕೆ. ಹಾಡು ನಿಂತ ಮೇಲೂ, ಕ್ಯಾಸೆಟ್ ಮುಗಿಯುವ ಮುಂಚೆ, ಕಾಕಾ ನಾಲ್ಕು ಸಲ ಉಸಿರಾಡಿದ್ದು ಕೇಳಿತು. ಅದನ್ನು ಈ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಚಾಚಾ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡು ಹೊರಗೆ ಹೋದರು.

ಕಾಕು ಕಣ್ಣು ಮುಚ್ಚಿ ಕೂತೇ ಇದ್ದರು. ನನಗೆ ತಡೆಯಲಾಗಲಿಲ್ಲ.

“ಕಾಕು, ಅವತ್ತು ಮೂಲ್ಯಾಗ ‘ಇರ್ಲಿ ಬಿಡು’ ಅಂದದ್ದು ಕಾಕಾ ಅಲ್ಲ. ನಾನು.”

ಕಾಕು ಕಣ್ಣು ತೆರೆದು, ಕ್ಯಾಸೆಟ್ ತೆಗೆದು, ಮಗ್ಗಲು ತಿರುವಿ ಹಾಕಿದರು.

“ಗೊತ್ತದ. ನಿಮ್ಮ ಕಾಕಾ ನಲವತ್ತು ವರ್ಷದಾಗ ಒಂದ್ ಸಲನೂ ಹಂಗ ಅಂದವರಲ್ಲ.”