ಬುತ್ತಿ ಬಿಚ್ಚುವ ಹೊತ್ತು

ಹುಣಸೂರಿನಲ್ಲಿ ಬಸ್ಸು ನಿಲ್ಲಿಸಿ ಎಂಜಿನ್ನಿಗೆ ನೀರು ಹೊಯ್ಯುತ್ತಿದ್ದರು. ನನ್ನ ಜೊತೆಯಲ್ಲೇ ಮಂಗಳೂರು ಬಿಟ್ಟ ಭಾವ, ಹೊಸದಾಗಿ ಶುರುವಾದ ವಿಮಾನ ಹತ್ತಿ, ಇಷ್ಟರಲ್ಲಿ ಬೆಂಗಳೂರಿನಲ್ಲಿ ಉಂಡು ಮಲಗಿರಬೇಕು. ಹೊಟ್ಟೆಕಿಚ್ಚು ತಡೆಯಲಾರದೆ, ಪಿರಿಯಾಪಟ್ಟಣದಲ್ಲಿ ಹತ್ತಿ ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಹೇಳಿದೆ: "ವಿಮಾನಕ್ಕೆ ಮಂಗಳೂರಿಂದ ಬೆಂಗಳೂರು ಬರೀ ಒಂದು ಗಂಟೆ ದಾರಿ ಅಜ್ಜಿ."

ಆಕೆ ಬೆರಗಾಗಲಿಲ್ಲ, ಕನಿಕರಪಟ್ಟಳು.

"ಅಯ್ಯೋ ಪಾಪ! ಅಂಗಾದ್ರೆ ಬುತ್ತಿ ಯಾವಾಗ ಬಿಚ್ತಾರೆ?"

ಆಕೆ ಮಡಿಲಲ್ಲಿದ್ದ ಗಂಟು ಬಿಚ್ಚಿ, ಹುಚ್ಚೆಳ್ಳು ಚಟ್ನಿ ಸವರಿದ ಅಕ್ಕಿರೊಟ್ಟಿಯನ್ನು ಅರ್ಧ ಮುರಿದು ನನ್ನ ಕೈಗಿಟ್ಟಳು. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ನಾನು ಗಬಗಬ ತಿನ್ನತೊಡಗಿದೆ.

"ನಿಧಾನಕ್ಕೆ ತಿನ್ನಿ ಸ್ವಾಮಿ," ಎಂದಳು ಅಜ್ಜಿ. "ದೇವ್ರ ದಯ, ಮೈಸೂರು ಇನ್ನೂ ಬೇಕಾದಷ್ಟು ದೂರ ಅದೆ."