ಮೂರನೆಯ ಕರೆ

ದೆವ್ವ, ಗಾಳಿ, ಸೋಂಕು ಅಂತ ಮಾತು ಶುರುವಾದರೆ ನಾನು ಎದ್ದು ಒಲೆಯ ಮೇಲಿನ ಹಾಲು ನೋಡಲು ಹೋಗುವವಳು. ಹಾಲು ಇಟ್ಟಿರದಿದ್ದರೂ ಹೋಗುತ್ತೇನೆ. ಗಣಿ ಮುಚ್ಚಿದ ಮೇಲೆ ಖಾಲಿಬಿದ್ದ ಕುದುರೆಮುಖದ ಕ್ವಾರ್ಟರ್ಸಿನಲ್ಲಿ ದೀಪ ಉರಿಯುವ ಕತೆಯನ್ನು ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಒಬ್ಬರೂ ಕಣ್ಣಾರೆ ಕಂಡವರಲ್ಲ, ಕಂಡವನು ಯಾವಾಗಲೂ ಅವರ ಭಾವನ ಸ್ನೇಹಿತ. ಹಾಗೆ ಆಡಿಕೊಳ್ಳುತ್ತಿದ್ದ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಗುತ್ತಿದ್ದೆ.

ಬಣಕಲ್ಲಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಕೆಲವು ವರ್ಷಗಳ ಹಿಂದೆ ಕಾಫಿಗೆ ಬೆಲೆ ಏರಿತು, ಅದರ ಜೊತೆಗೆ ಕಳ್ಳರೂ ಹೆಚ್ಚಿದರು. ಗಿಡದಲ್ಲಿದ್ದ ಹಣ್ಣನ್ನು ರೆಂಬೆಸಮೇತ ಮುರಿದು ಒಯ್ದರು. ಕಣದಲ್ಲಿ ಒಣಗಲು ಹರವಿದ್ದನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಪಕ್ಕದ ತೋಟದಲ್ಲಿ ನಾಯಿಗೆ ಏನನ್ನೋ ತಿನ್ನಿಸಿ ಮಲಗಿಸಿ, ಎದುರು ಬಂದ ಯಜಮಾನರ ತಲೆಗೆ ಹೊಡೆದರು. ಅವರು ಬದುಕಿಕೊಂಡರು, ಆದರೆ ಇವತ್ತಿಗೂ ಮಾತು ತೊದಲುತ್ತದೆ.

ನಮ್ಮ ಮನೆಯವರು ಕಾಫಿ ಲೋಡಿನ ಜೊತೆ ಬೀಜ ಹಸನುಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋದರೆ ಆ ದಿನ ಹಿಂದಿರುಗುವ ಖಾತರಿ ಇಲ್ಲ. ಮನೆಯಲ್ಲಿ ನಾನೊಬ್ಬಳೇ. ಅವರ ಹೆಸರಿನಲ್ಲಿ ಒಂದು ಹಳೆಯ ಕೋವಿ ಇದೆ, ಹಂದಿ ಓಡಿಸಲು. ಅದನ್ನು ಎತ್ತಿದರೆ ನನ್ನ ಭುಜ ನೋಯುತ್ತದೆ. “ನಿನ್ನ ಹೆಸರಿಗೇ ಒಂದು ರಿವಾಲ್ವರ್ ಲೈಸೆನ್ಸ್ ಮಾಡ್ಸಾಣ. ಮೊದ್ಲು ಹೊಡಿಯೋದು ಕಲ್ತ್ಕೋ ಮಾರಾಯ್ತಿ,” ಎಂದರು. ಕಾಫಿ ಕುಯ್ಯುವ ಕೈಗೆ ಈ ವಯಸ್ಸಿನಲ್ಲಿ ರಿವಾಲ್ವರು ಯಾಕೆ ಎಂದು ನಕ್ಕೆ. ಆದರೂ ಹೋದೆ, ಹೆದರಿಕೆ ಇತ್ತಲ್ಲ.

ಮೂಡಿಗೆರೆ ಹತ್ತಿರ, ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿಯಲ್ಲಿ ತರಬೇತಿ. ಎದುರಿಗೆ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಮನುಷ್ಯನ ಆಕಾರದ ಕಾಗದ. ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಬಯಲುಸೀಮೆಯ ಸುಬೇದಾರರು. ಒಳ್ಳೆಯ ಮನುಷ್ಯ, ಬಹಳ ಶಿಸ್ತು. ಖಾಲಿ ಎಂದು ಯಾರು ಹೇಳಿದರೂ ನಂಬದೆ ಬಿಚ್ಚಿ ನೋಡಬೇಕು, ಗುಂಡು ಹಾರಿಸಲೇಬೇಕು ಎನ್ನುವ ತನಕ ಬೆರಳು ಕುದುರೆಯ, ಅಂದರೆ ಟ್ರಿಗರಿನ, ಮೇಲೆ ಹೋಗಕೂಡದು, ಇವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು. ಕೊನೆಗೆ ಕೂಗುವುದನ್ನೂ ಕಲಿಸಿದರು. “ಮೊದ್ಲು ಯಾರು ಅಂತ ಜೋರಾಗಿ ಕೇಳಿ. ಇನ್ನೊಂದು ಸಲ ಕೇಳಿ. ನಮ್ಮೋರಾದ್ರೆ ಅಷ್ಟೊತ್ತಿಗೆ ಬಾಯಿ ಬಿಟ್ಟೇ ಬಿಡ್ತಾರೆ. ಬಿಡ್ಲಿಲ್ಲ ಅಂದ್ರೆ ಅವನು ನಿಮ್ಮ ನೆಂಟ ಅಲ್ಲ.”

ನಾನು ಕೂಗಿದಾಗ ಅವರಿಗೆ ನಗು ಬಂತು. “ಏನಮ್ಮಾ, ಕಳ್ಳನ್ನ ಕೇಳ್ತಿದೀರೋ, ಊಟಕ್ಕೆ ಕರೀತಿದೀರೋ?”

ಮತ್ತೆ ಮತ್ತೆ ಕೂಗಿ ಗಂಟಲು ಗಟ್ಟಿ ಮಾಡಿಕೊಂಡೆ. ಗುರಿ ಮಾತ್ರ ನನಗೆ ಬೇಗ ಕೂಡಿ ಬಂತು. ಜೊತೆಗೆ ಕಲಿಯುತ್ತಿದ್ದ ಹಾರ್ಡ್‌ವೇರ್ ಅಂಗಡಿಯವರ ಗುಂಡು ದಿಬ್ಬದಲ್ಲೆಲ್ಲೋ ಹೂತುಹೋದರೆ ನನ್ನದು ಕಾಗದದ ಎದೆಯಲ್ಲೇ ತೂತು ಮಾಡುತ್ತಿತ್ತು. ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಲೈಸೆನ್ಸ್ ಆಯಿತು, ರಿವಾಲ್ವರೂ ಮನೆಗೆ ಬಂತು. ಮುಂದಿನ ಕೊಯ್ಲಿನಲ್ಲಿ, ಹಣ್ಣೆಲ್ಲ ಕಣದಲ್ಲಿ ಒಣಗುತ್ತಿದ್ದಾಗ, ಮನೆಯವರು ಚಿಕ್ಕಮಗಳೂರಿಗೆ ಹೋಗಿದ್ದರು. ಹಗಲೆಲ್ಲ ಚೆನ್ನಾಗಿದ್ದ ಬಿಸಿಲು ಸಂಜೆಗೆ ಸತ್ತು, ಮೋಡ ಕವಿಯಿತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಾನು ಬೆಂಕಿಪೊಟ್ಟಣ ಹುಡುಕುತ್ತಿರುವಾಗ ಹಿತ್ತಲ ಕಡೆಯ ಕಣದಲ್ಲಿ ಏನೋ ಸರಸರ ಎಳೆದ ಸದ್ದಾಯಿತು.

ನಾಯಿ ಬೊಗಳಲಿಲ್ಲ. ನನ್ನ ಎದೆ ಧಸಕ್ಕೆಂದದ್ದು ಅದಕ್ಕೇ. ಪಕ್ಕದ ತೋಟದ ನಾಯಿಯೂ ಬೊಗಳಿರಲಿಲ್ಲ.

ರಿವಾಲ್ವರ್ ತೆಗೆದುಕೊಂಡು ಹಿಂದಿನ ಜಗಲಿಗೆ ಬಂದು ಕಂಬದ ಮರೆಯಲ್ಲಿ ನಿಂತೆ. ಕಣದಲ್ಲಿ ಒಂದು ಆಕೃತಿ ಬಗ್ಗಿ ನಿಂತಿತ್ತು. ತಲೆಯಿಂದ ಮೊಣಕಾಲಿನವರೆಗೂ ಏನನ್ನೋ ಹೊದ್ದಿತ್ತು, ಕೈಯಲ್ಲಿ ಉದ್ದನೆಯ ದೊಣ್ಣೆಯಂಥದ್ದಿತ್ತು. ಗಂಡಸೋ ಹೆಂಗಸೋ ತಿಳಿಯುವಷ್ಟು ಬೆಳಕಿರಲಿಲ್ಲ. ಕಲಿಸಿದ ಹಾಗೆಯೇ ಜೋರಾಗಿ “ಯಾರು?” ಎಂದೆ. ಆಕೃತಿ ಅಲುಗಾಡದೆ ನಿಂತಿತು. ಉತ್ತರವಿಲ್ಲ. ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದೆ. ಆಕೃತಿ ನಿಧಾನವಾಗಿ ನೆಟ್ಟಗಾಗಿ, ದೊಣ್ಣೆ ಹಿಡಿದೇ ನನ್ನ ಕಡೆ ತಿರುಗಿತು. ಆಗಲೂ ಮಾತಿಲ್ಲ.

ಎದೆಯ ನೇರಕ್ಕೆ ಗುರಿ ಕೂಡಿತ್ತು. ಉಸಿರು ಬಿಗಿಹಿಡಿದಿದ್ದೆ, ಹಲ್ಲು ಕಚ್ಚಿದ್ದೆ, ಬೆರಳು ಕುದುರೆಯ ಮೇಲೆ ಹೋಗಿತ್ತು. ಈ ಮೂರನ್ನೂ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಬೆರಳು ಒತ್ತಲು ಶುರುಮಾಡಿತ್ತು.

“ಓ! ಬಂದೆ ಅಮ್ಮಾವ್ರೇ!” ಎಂದಿತು ಆಕೃತಿ. ಯಾರೋ ಕರೆದದ್ದಕ್ಕೆ ಓಗೊಡುವ ಧಾಟಿಯಲ್ಲಿ.

ಅದು ಶಾರದೆ. ನಾನು ಸೊಸೆಯಾಗಿ ಈ ಮನೆಗೆ ಬಂದ ವರ್ಷವೇ ಮದುವೆಯಾಗಿ ನಮ್ಮ ತೋಟದ ಕೆಲಸದವರ ಲೈನ್ ಮನೆಗೆ ಬಂದವಳು. ನನ್ನ ಬಾಣಂತನದಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹೊಯ್ದವಳು. ಮೋಡ ನೋಡಿ, ಯಾರೂ ಹೇಳದಿದ್ದರೂ, ಕಾಫಿ ನೆನೆದೀತೆಂದು ಓಡಿ ಬಂದಿದ್ದಳು. ತಲೆಯ ಮೇಲಿದ್ದದ್ದು ಟಾರ್ಪಾಲಿನ ಒಂದು ತುದಿ. ಕೈಯಲ್ಲಿದ್ದದ್ದು ಕಾಫಿ ರಾಶಿ ಮಾಡುವ ಹಲಗೆಯ ಹಿಡಿ. ಅವಳ ಕೈಯಿಂದ ಅನ್ನ ತಿಂದ ನಾಯಿ ಅವಳಿಗೆ ಬೊಗಳುವುದಾದರೂ ಯಾಕೆ?

ರಿವಾಲ್ವರನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅವಳು ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ ಬಂದಳು. ನನಗೆ ಅಳು ಸಿಟ್ಟಾಗಿ ಬಂತು.

“ಅಷ್ಟು ಕೂಗಿದ್ರೂ ಬಾಯಿಗೆ ಎಂತ ಆಗಿತ್ತೇ ನಿಂಗೆ?” ಎಂದೆ.

“ಇದೊಳ್ಳೆ ಕತೆ. ಹೊತ್ತು ಮುಳುಗಿದ್ಮೇಲೆ ಒಂದು ಕರೆಗೆ, ಎರಡು ಕರೆಗೆ ಯಾರಾದ್ರೂ ಓಗೊಡ್ತಾರಾ? ಮೂರ್ನೇದಕ್ಕೆ ಓ ಅಂದೆನಲ್ಲ,” ಎಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಸ್ಸಂಜೆಯಾದ ಮೇಲೆ ಹೊರಗೆ ಯಾರಾದರೂ ಕರೆದರೆ ಕೂಡಲೇ ಓಗೊಡಬಾರದು ಎಂದು ನಮ್ಮ ಕಡೆ ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಾರೆ. ಕರೆಯುವುದು ಇನ್ನೇನೋ ಆಗಿರಬಹುದು, ಅದಕ್ಕೆ ಮೂರನೆಯ ಸಲ ಕರೆಯಲು ಬರುವುದಿಲ್ಲವಂತೆ. ನನ್ನ ಅಜ್ಜಿಯೂ ಹೇಳಿಕೊಟ್ಟಿದ್ದಳು. ಕಲ್ಲುಕ್ವಾರಿಯಲ್ಲಿ ನಿಂತು ಎರಡು ಸಲ ಕೂಗುವುದನ್ನು ಕಲಿಯುವಾಗ ನನಗೆ ಅದು ನೆನಪಿಗೇ ಬರಲಿಲ್ಲ. ಬಯಲುಸೀಮೆಯವರಿಗೆ ಗೊತ್ತಿರಬೇಕೆಂದೇನಿಲ್ಲ, ನನಗೆ ಗೊತ್ತಿರಬೇಕಿತ್ತು.

ಆದರೆ ನಾನು ಮೂರನೆಯ ಸಲ ಕರೆಯಲಿಲ್ಲ.

“ಮೂರ್ನೇ ಸಲ ಎಂತ ಅಂತ ಕರ್ದೆ?” ಎಂದು ಮೆಲ್ಲಗೆ ಕೇಳಿದೆ.

“ಶಾರದಾ, ಅಂತ. ನಿಮ್ದೇ ಗಂಟ್ಲು, ನೀವು ನಿಂತಿದ್ದ ಕಡೆಯಿಂದ್ಲೇ. ಆಗ್ಲೇ ಧೈರ್ಯ ಬಂದಿದ್ದು ನಂಗೆ. ಯಾಕೆ ಅಮ್ಮಾವ್ರೇ, ಹುಷಾರಿಲ್ವಾ? ಕೈ ತಣ್ಣಗಿದೆ.”

ನಾನು ಕೈ ಬಿಡಿಸಿಕೊಂಡು, ಸೆರಗು ಬಿಗಿಹಿಡಿದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಅವಳ ಗಂಡ ನಾಗೇಶ ಬಂದ. “ನಿನ್ನೆ ನೀವು ಇವ್ಳನ್ನ ಕೂಗಿದ್ದು ಲೈನಿನ ತನಕ ಕೇಳಿಸ್ತು. ನಾನೂ ಬರ್ಬೇಕಿತ್ತೇನೋ ಅಂದ್ಕೊಂಡೆ,” ಎಂದ. ಅದಕ್ಕೆ ಮೊದಲು ಏನಾದರೂ ಕೇಳಿಸಿತ್ತಾ ಎಂದೆ. ಇಲ್ಲ, ಹೆಸರು ಹಿಡಿದು ಒಂದೇ ಸಲ, ಎಂದ. ಎದೆ ಬಿರಿಯುವ ಹಾಗೆ ನಾನು ಕೂಗಿದ ಎರಡು ಕೂಗು ಅವನಿಗೆ ಕೇಳಿಸಿರಲಿಲ್ಲ.

ನಮ್ಮ ಮನೆಯವರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವರು, “ನಿನಗೆ ಗೊತ್ತಾಗೋ ಮೊದ್ಲೇ ನಿನ್ನ ಬಾಯಿಗೆ ಅವಳ ಗುರುತು ಸಿಕ್ಕಿರ್ಬೇಕು,” ಎಂದರು. ಇರಬಹುದು. ಭಯದಲ್ಲಿ ಮನುಷ್ಯ ಏನೇನೋ ಆಡುತ್ತಾನೆ, ಆಡಿದ್ದು ಮರೆಯುತ್ತಾನೆ. ನಾಗೇಶನಿಗೆ ಶಾರದೆಯೇ ಹೇಳಿ, ಅವನು ತಾನೇ ಕೇಳಿದೆನೆಂದು ತಿಳಿದಿರಲೂಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಕಚ್ಚಿ ಹಿಡಿದಿದ್ದ ಹಲ್ಲಿನ ನೋವು ಮರುದಿನ ಸಂಜೆಯವರೆಗೂ ದವಡೆಯಲ್ಲಿತ್ತು. ಆ ಬಾಯಿ ತೆರೆದಿರಲಿಲ್ಲ. ನನ್ನ ಮಟ್ಟಿಗೆ ಕಣದಲ್ಲಿದ್ದದ್ದು ಶಾರದೆಯೂ ಆಗಿರಲಿಲ್ಲ, ಕ್ವಾರಿಯ ಕಾಗದದ ಮನುಷ್ಯನಾಗಿತ್ತು.

ದೆವ್ವಕ್ಕೆ ಮೂರನೆಯ ಸಲ ಕರೆಯಲು ಬರುವುದಿಲ್ಲ ಎಂದರೆ ಅದು ದೆವ್ವವಲ್ಲ. ನಾನಂತೂ ಅಲ್ಲ. ಇದರಿಂದಾಚೆಗೆ ನನ್ನ ಬುದ್ಧಿ ಹೋಗುವುದಿಲ್ಲ.

ಶಾರದೆಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಮೊನ್ನೆ ಅವಳ ಮನೆಗೆ ನೆಂಟರು ಬಂದಿದ್ದರು, ನನ್ನನ್ನೂ ಕರೆದಿದ್ದಳು. ಅವರೆದುರು ನನ್ನ ಭುಜ ಹಿಡಿದುಕೊಂಡು, “ನಮ್ಮ ಅಮ್ಮಾವ್ರಿಗೆ ಕತ್ತಲೇಲೂ ನನ್ನ ಗುರುತು ಸಿಗ್ತದೆ, ಗೊತ್ತಾ?” ಎಂದು ಹೊಗಳಿದಳು. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಕರೆದವಳು ನಾನಲ್ಲ ಎಂದು ಹೇಳಬೇಕಾದರೆ, ಆಗ ನನ್ನ ಕೈಯಲ್ಲಿ ಏನಿತ್ತು ಎಂದೂ ಅವಳಿಗೆ ಹೇಳಬೇಕು. ಇನ್ನೂ ಹೇಳಿಲ್ಲ.